ಮುಖ ಕೊನೆಗೆ ನೋಡಿ, ಮೊದಲು ರಟ್ಟು ನೋಡಿ

ಪ್ರಶ್ನೆ: ಅಜ್ಜಿ ಹೋದ ಮೇಲೆ ಅವರ ಕಬ್ಬಿಣದ ಪೆಟ್ಟಿಗೆಯಲ್ಲಿ ಹನ್ನೊಂದು ಹಳೇ ಫೋಟೊ ಸಿಕ್ಕವು. ಒಂದನ್ನು ದಪ್ಪ ರಟ್ಟಿಗೆ ಅಂಟಿಸಿದ್ದಾರೆ. ರಟ್ಟು ನಾಲ್ಕೂಕಾಲು ಇಂಚು ಅಗಲ, ಆರೂವರೆ ಇಂಚು ಉದ್ದ ಇದೆ. ಇಪ್ಪತ್ತೈದರ ಆಸುಪಾಸಿನ ಯುವಕನೊಬ್ಬ ಕುರ್ಚಿಯ ಮೇಲೆ ಒಂದು ಕೈಯಿಟ್ಟು, ಇನ್ನೊಂದರಲ್ಲಿ ಪುಸ್ತಕ ಹಿಡಿದು ನಿಂತಿದ್ದಾನೆ. ಕೆಳಗೆ ಸ್ಟುಡಿಯೊ ಹೆಸರು ಅರ್ಧ ಅಳಿಸಿದೆ. ಹಿಂದೆ ಪೆನ್ಸಿಲಿನಲ್ಲಿ 4172 ಅಂತ ಇದೆ, ಅಷ್ಟೇ. ದೊಡ್ಡಪ್ಪ "ಇದು ನಿನ್ನ ಮುತ್ತಜ್ಜ, ಮೇಷ್ಟ್ರಾಗಿದ್ದರು, ಅದಕ್ಕೇ ಪುಸ್ತಕ" ಅಂತಾರೆ. ಅತ್ತೆ "ಅಲ್ಲ, ಮುತ್ತಜ್ಜನ ತಮ್ಮ" ಅಂತಾರೆ. ಮುತ್ತಜ್ಜ ಹುಟ್ಟಿದ್ದು 1884ರಲ್ಲಿ ಎಂದು ಮನೆಯ ಹಳೇ ಕಾಗದವೊಂದರಲ್ಲಿದೆ. ಇದು ಯಾರು ಅಂತ ಪತ್ತೆ ಮಾಡುವುದು ಹೇಗೆ? ಅವರ ಬದುಕಿನ ಬಗ್ಗೆ ಏನಾದರೂ ತಿಳಿಯಬಹುದೇ?

ಉತ್ತರ: ನಿಮ್ಮ ಪತ್ರ ಓದಿ ನನಗೆ ಮೊದಲು ಸಮಾಧಾನ ಕೊಟ್ಟದ್ದು, ಹನ್ನೊಂದೂ ಫೋಟೊ ಇನ್ನೂ ಒಟ್ಟಿಗೆ ಇವೆ ಎನ್ನುವುದು. ದಯವಿಟ್ಟು ಹಾಗೇ ಇಟ್ಟುಕೊಳ್ಳಿ. ಮನೆಯವರೆಲ್ಲ ಎರಡೆರಡು ಹಂಚಿಕೊಂಡುಬಿಟ್ಟರೆ ಅರ್ಧ ಸಾಕ್ಷಿ ಅಲ್ಲೇ ಕಳೆದುಹೋಗುತ್ತದೆ. ಯಾವ ಫೋಟೊ ಯಾವುದರ ಜೊತೆ ಇತ್ತು, ಯಾವ ಬಟ್ಟೆಯಲ್ಲಿ ಸುತ್ತಿತ್ತು, ಯಾವ ಕಾಗದದ ಮಡಿಕೆಯಲ್ಲಿತ್ತು, ನೆನಪಿರುವಷ್ಟನ್ನು ಇವತ್ತೇ ಬರೆದಿಡಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ಮುಖದಿಂದ ಶುರು ಮಾಡುತ್ತಾರೆ, ತಪ್ಪುವುದೂ ಅಲ್ಲೇ. ಅಣ್ಣ, ತಮ್ಮ, ಅಪ್ಪ, ಮಗ ಇಪ್ಪತ್ತೈದರ ವಯಸ್ಸಿನಲ್ಲಿ ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಹಾಗೆ ಇರುತ್ತಾರೆ. ನಮಗೆ ಯಾರು ಬೇಕೋ ಅವರೇ ಫೋಟೊದಲ್ಲಿ ಕಾಣುತ್ತಾರೆ. ಹಾಗಾಗಿ ಆ ಯುವಕನ ಮುಖವನ್ನು ಸ್ವಲ್ಪ ಹೊತ್ತು ಮರೆತುಬಿಡಿ. ಬೇಕಾದರೆ ಒಂದು ಬಿಳಿ ಚೀಟಿ ಮುಚ್ಚಿಡಿ. ಉಳಿದದ್ದನ್ನು ನೋಡೋಣ.

ಮೊದಲು ಅಳತೆ. ನೀವು ಕೊಟ್ಟಿರುವ ಅಳತೆಯನ್ನು ಕ್ಯಾಬಿನೆಟ್ ಕಾರ್ಡ್ ಅನ್ನುತ್ತಾರೆ. ಇದು 1866ರ ಸುಮಾರಿಗೆ ಬಳಕೆಗೆ ಬಂತು. ಇದಕ್ಕೂ ಮುಂಚೆ ಪ್ಯಾರಿಸ್‌ನ ಡಿಸ್ಡೆರಿ ಎಂಬ ಫೋಟೊಗ್ರಾಫರ್ 1854ರಲ್ಲಿ ಪೇಟೆಂಟ್ ಪಡೆದ ಚಿಕ್ಕ ಕಾರ್ಡು ಜಗತ್ತಿನಲ್ಲೆಲ್ಲ ಓಡಾಡುತ್ತಿತ್ತು. ಅದು ಎರಡೂವರೆಗೆ ನಾಲ್ಕು ಇಂಚು ಇರುತ್ತದೆ. ಕ್ಯಾಬಿನೆಟ್ ಕಾರ್ಡು 20ನೇ ಶತಮಾನದ ಮೊದಲ ವರ್ಷಗಳವರೆಗೂ ಚೆನ್ನಾಗಿ ನಡೆಯಿತು. ಅಂದರೆ ಅಳತೆಯೊಂದೇ ನಮಗೆ ನಲವತ್ತು ವರ್ಷಕ್ಕೂ ಜಾಸ್ತಿ ಅವಧಿ ಕೊಡುತ್ತದೆ. ಅಷ್ಟು ಸಾಲದು.

ಈಗ ರಟ್ಟಿನ ಅಂಚಿಗೆ ಬನ್ನಿ. 1860ರ ದಶಕದ ಕಾರ್ಡು ತೆಳ್ಳಗಿರುತ್ತದೆ, ಮೂಲೆ ಚೂಪಾಗಿರುತ್ತದೆ. 1870ರ ನಂತರ ದುಂಡು ಮೂಲೆ ಹೆಚ್ಚು. 1880ರ ದಶಕದಲ್ಲಿ ರಟ್ಟು ದಪ್ಪವಾಗುತ್ತದೆ, ಅಂಚನ್ನು ಓರೆಯಾಗಿ ಕೊಯ್ದು ಚಿನ್ನದ ಬಣ್ಣ ಬಳಿದಿರುತ್ತಾರೆ. 1890ರ ದಶಕದಲ್ಲಿ ಅಲೆ ಅಲೆಯಾದ ಅಂಚು ಕಾಣುತ್ತದೆ. 1900 ದಾಟಿದ ಮೇಲೆ ಬೂದು, ಕಂದು ಬಣ್ಣದ ದೊಡ್ಡ ರಟ್ಟು, ಅದರ ಮೇಲೆ ಅಚ್ಚೊತ್ತಿದ ಗೆರೆಗಳು. ಇವು ಕಟ್ಟುನಿಟ್ಟಿನ ನಿಯಮಗಳಲ್ಲ. ಸ್ಟುಡಿಯೊದವರು ಹಳೇ ರಟ್ಟು ಮುಗಿಯುವ ತನಕ ಬಳಸುತ್ತಿದ್ದರು. ಆದರೆ ಒಂದು ಫೋಟೊ ಇದಕ್ಕಿಂತ ಮುಂಚಿನದು ಇರಲಾರದು ಎನ್ನುವುದಕ್ಕೆ ರಟ್ಟು ಒಳ್ಳೆಯ ಸಾಕ್ಷಿ.

ನಿಮ್ಮ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕಾಗದ. ಒಂದು ಭೂತಗನ್ನಡಿ ತೆಗೆದುಕೊಳ್ಳಿ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವುದಾದರೆ ಸಾಕು. ಹಗಲು ಬೆಳಕಿರುವ ಕಿಟಕಿ ಹತ್ತಿರ ಕೂತು ಫೋಟೊದ ತೆಳು ಬಣ್ಣದ ಜಾಗ ನೋಡಿ, ಅಂಗಿಯ ಬಿಳಿ ಭಾಗ ಅಥವಾ ಹಿಂದಿನ ಪರದೆ. ಕಾಗದದ ಎಳೆಗಳು, ಹತ್ತಿಯ ನೂಲಿನ ಚೂರುಗಳ ಹಾಗೆ, ಚಿತ್ರದೊಳಗಿಂದಲೇ ಕಾಣುತ್ತಿವೆಯಾ? ಬಿಳಿ ಇರಬೇಕಾದ ಕಡೆ ಹಳದಿ ಇಳಿದಿದೆಯಾ? ಮೇಲ್ಮೈಯಲ್ಲಿ ತುಂಬ ಸಣ್ಣ ಬಿರುಕುಗಳ ಬಲೆ ಇದೆಯಾ? ಹಾಗಿದ್ದರೆ ಅದು ಬಹುಮಟ್ಟಿಗೆ ಆಲ್ಬುಮೆನ್ ಪ್ರಿಂಟ್. ಮೊಟ್ಟೆಯ ಬಿಳಿ ಲೋಳೆ ಬಳಿದ ತೆಳು ಕಾಗದದ ಮೇಲೆ ಮಾಡುತ್ತಿದ್ದದ್ದು. ಫ್ರಾನ್ಸ್‌ನ ಬ್ಲಾಂಕಾರ್ ಎವ್ರಾರ್ 1850ರಲ್ಲಿ ಇದನ್ನು ಜನರ ಮುಂದಿಟ್ಟರು. ಆಮೇಲೆ ಜರ್ಮನಿಯ ಡ್ರೆಸ್ಡೆನ್ ನಗರದ ಕಾರ್ಖಾನೆಗಳಲ್ಲಿ ಈ ಕಾಗದಕ್ಕಾಗಿ ದಿನಕ್ಕೆ ಸಾವಿರಾರು ಮೊಟ್ಟೆ ಒಡೆಯುತ್ತಿದ್ದರು. ಆ ಕಾಲದ ಫೋಟೊಗಳಲ್ಲಿ ಬಹುಪಾಲು ಇದೇ.

ಎಳೆ ಕಾಣದೆ, ಚಿತ್ರ ಒಂದು ನುಣ್ಣನೆಯ ಪದರದ ಮೇಲೆ ಕೂತ ಹಾಗಿದ್ದರೆ ಅದು ಮೊಟ್ಟೆಯ ಲೋಳೆಯ ಬದಲು ಜೆಲಟಿನ್ ಅಥವಾ ಕೊಲೋಡಿಯನ್ ಎಂಬ ಪದಾರ್ಥ ಬಳಿದ ಕಾಗದ. ಕಾಗದಕ್ಕೂ ಚಿತ್ರಕ್ಕೂ ನಡುವೆ ಬರೈಟಾ ಎಂಬ ಬಿಳಿ ಪದರ ಬಳಿದಿರುತ್ತಾರೆ, ಅದು ಎಳೆಗಳನ್ನು ಮುಚ್ಚಿಬಿಡುತ್ತದೆ. ಈಗ ಫೋಟೊವನ್ನು ಕಣ್ಣ ಮಟ್ಟಕ್ಕೆ ತಂದು ನಿಧಾನವಾಗಿ ಓರೆ ಮಾಡಿ. ಕಪ್ಪು ಜಾಗಗಳಲ್ಲಿ, ಅಂಚಿನ ಕಡೆ, ನೀಲಿ ಕನ್ನಡಿಯ ಹಾಗೆ ಹೊಳಪು ಬಂದರೆ ಅದು ಬೆಳ್ಳಿ. ಚಿತ್ರದೊಳಗಿನ ಬೆಳ್ಳಿ ವರ್ಷಗಟ್ಟಲೆ ಮೆಲ್ಲಗೆ ಮೇಲೆ ಬಂದು ಕೂತಿರುತ್ತದೆ. ಹಳೆಯ ಜೆಲಟಿನ್ ಪ್ರಿಂಟ್‌ನ ಗುರುತು ಅದು. ಮೊದಲ ಸಲ ನೋಡಿದವರು ಕೊಳೆ ಅಂತ ಒರೆಸಲು ಹೋಗುತ್ತಾರೆ. ಬೇಡ. ಅದು ಚಿತ್ರದ್ದೇ ಭಾಗ.

ಈ ವ್ಯತ್ಯಾಸದಿಂದ ನಿಮಗೆ ಏನು ಸಿಗುತ್ತದೆ ನೋಡಿ. 1890ರ ದಶಕದಲ್ಲಿ ಆಲ್ಬುಮೆನ್ ಬಳಕೆ ಇಳಿಯುತ್ತಾ ಬಂತು, ಹೊಸ ಕಾಗದಗಳು ಅದರ ಜಾಗ ಹಿಡಿದವು. ನಿಮ್ಮ ಮುತ್ತಜ್ಜ ಹುಟ್ಟಿದ್ದು 1884 ಆದರೆ ಅವರಿಗೆ ಇಪ್ಪತ್ತೈದು ತುಂಬಿದ್ದು 1909ರಲ್ಲಿ. ತಮ್ಮನಾದರೆ ಇನ್ನೂ ಆಮೇಲೆ. ಆದ್ದರಿಂದ ನಿಮ್ಮದು ಜೆಲಟಿನ್ ಪ್ರಿಂಟ್ ಆಗಿದ್ದರೆ ದೊಡ್ಡಪ್ಪನ ಮಾತೂ ನಿಲ್ಲಬಹುದು, ಅತ್ತೆಯ ಮಾತೂ ನಿಲ್ಲಬಹುದು. ಆಲ್ಬುಮೆನ್ ಆಗಿದ್ದು, ಅಂಚು ಕೂಡ 1880ರ ಶೈಲಿಯದೇ ಆಗಿದ್ದರೆ? ಆಗ ಈ ಯುವಕ ಹುಟ್ಟಿದ್ದು 1860ರ ಆಸುಪಾಸು. ಆ ಫೋಟೊ ತೆಗೆದಾಗ ನಿಮ್ಮ ಮುತ್ತಜ್ಜ ಇನ್ನೂ ತೊಟ್ಟಿಲಲ್ಲಿ. ಇಬ್ಬರು ಹೇಳಿದ್ದೂ ಆಗುವುದಿಲ್ಲ, ಇನ್ನೊಂದು ತಲೆಮಾರು ಹಿಂದಕ್ಕೆ ಹೋಗಬೇಕು.

ಇನ್ನೊಂದು ಪರೀಕ್ಷೆ ಇದೆ, ಅದರಿಂದ ನನ್ನ ಮನೆಯ ಕಥೆಯೇ ತಿರುಗಿತು. ನೋಟು ಪರೀಕ್ಷಿಸಲು ಬಳಸುತ್ತಾರಲ್ಲ, ನೇರಳೆ ಬೆಳಕಿನ ಯುವಿ ಟಾರ್ಚ್, ಅದನ್ನು ಕತ್ತಲೆ ಕೋಣೆಯಲ್ಲಿ ಫೋಟೊದ ಮೇಲೆ ಒಂದು ಕ್ಷಣ ಹಾಯಿಸಿ. ಕಾಗದ ತಿಳಿನೀಲಿಯಾಗಿ ಹೊಳೆದರೆ ಅದರಲ್ಲಿ ಬಿಳುಪು ಹೆಚ್ಚಿಸುವ ರಾಸಾಯನಿಕ ಇದೆ ಅಂತ ಅರ್ಥ. ಫೋಟೊ ಕಾಗದಕ್ಕೆ ಅದನ್ನು ಸೇರಿಸಲು ಶುರು ಮಾಡಿದ್ದು 1950ರ ದಶಕದಲ್ಲಿ. ಹೊಳೆಯದಿದ್ದರೆ ಅದರಿಂದ ಏನೂ ತೀರ್ಮಾನಿಸಲಾಗದು, ಆಮೇಲಿನ ಎಲ್ಲ ಕಾಗದದಲ್ಲೂ ಅದು ಇರಲಿಲ್ಲ.

ನಮ್ಮ ಮನೆಯ ಗೋಡೆಯ ಮೇಲೆ ಅಮ್ಮನ ಅಜ್ಜಿಯ ಫೋಟೊ ಇತ್ತು. ಒಬ್ಬರೇ ಕೂತಿರುವುದು. "ಗಂಡ ಹೋದ ಮೇಲೆ ತೆಗೆಸಿದ್ದು, ಅದಕ್ಕೇ ಒಬ್ಬರೇ, ಅದಕ್ಕೇ ಕಪ್ಪು ಬಟ್ಟೆ" ಅಂತ ನಾವೆಲ್ಲ ಕೇಳಿಕೊಂಡೇ ಬೆಳೆದೆವು. ಚೌಕಟ್ಟು ಬಿಚ್ಚಿ ಟಾರ್ಚ್ ಹಿಡಿದಾಗ ಕಾಗದ ಪೂರ್ತಿ ಹೊಳೆಯಿತು. ಅಂದರೆ ಅದು ಮೂಲವಲ್ಲ, ಎಷ್ಟೋ ವರ್ಷ ಆದಮೇಲೆ ಹಳೇ ಫೋಟೊ ನೋಡಿ ತೆಗೆದ ಪ್ರತಿ. ಆಮೇಲೆ ಭೂತಗನ್ನಡಿ ಇಟ್ಟು ನೋಡಿದೆ. ಎಡ ಭುಜದ ಮೇಲೆ ನಾಲ್ಕು ಬೆರಳು. ಬಟ್ಟೆಯ ಮಡಿಕೆ ಅಂದುಕೊಂಡಿದ್ದದ್ದು ಇನ್ನೊಬ್ಬರ ಕೈ. ಪಕ್ಕದಲ್ಲಿದ್ದವರನ್ನು ಕತ್ತರಿಸಿ ಪ್ರತಿ ಮಾಡಿಸಿದ್ದರು. ಎರಡು ವರ್ಷ ಹುಡುಕಿದ ಮೇಲೆ ಮೂಲ ಫೋಟೊ ದೂರದ ಸಂಬಂಧಿಯೊಬ್ಬರ ಮನೆಯಲ್ಲಿ ಸಿಕ್ಕಿತು. ಕೈ ಇಟ್ಟು ನಿಂತವರು ಅವರ ಅಕ್ಕ. ಗಂಡನೂ ಅದೇ ಫೋಟೊದಲ್ಲಿ, ಇನ್ನೊಂದು ಪಕ್ಕ, ಗಟ್ಟಿಮುಟ್ಟಾಗಿ ಕೂತಿದ್ದರು. ನನ್ನ ಅಮ್ಮ ಆ ಫೋಟೊ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಮಾತಾಡಲಿಲ್ಲ. ಅಂಥ ಅಕ್ಕ ಒಬ್ಬರು ಇದ್ದರು ಅಂತಲೇ ಅಮ್ಮನಿಗೆ ಗೊತ್ತಿರಲಿಲ್ಲ.

ಆ ಕಪ್ಪು ಬಟ್ಟೆಯ ವಿಷಯವನ್ನೂ ಹೇಳುತ್ತೇನೆ. ಕ್ಯಾಮೆರಾದೊಳಗೆ ಚಿತ್ರ ಹಿಡಿಯುತ್ತಿದ್ದ ಹಳೆಯ ಗಾಜಿನ ಪ್ಲೇಟುಗಳಿಗೆ ನೀಲಿ ಬೆಳಕು ಮಾತ್ರ ಚೆನ್ನಾಗಿ ತಾಗುತ್ತಿತ್ತು, ಕೆಂಪು ತಾಗುತ್ತಲೇ ಇರಲಿಲ್ಲ. ಕೆಂಪು ಬಟ್ಟೆ ಕಪ್ಪಾಗಿ ಬೀಳುತ್ತಿತ್ತು, ನೀಲಿ ಬಟ್ಟೆ ಬಿಳಿಯಾಗಿ. ಎಲ್ಲ ಬಣ್ಣಕ್ಕೂ ಸ್ಪಂದಿಸುವ ಪ್ಲೇಟುಗಳು 1906ರಲ್ಲಿ ಮಾರಾಟಕ್ಕೆ ಬಂದರೂ ಸಾಮಾನ್ಯ ಸ್ಟುಡಿಯೊಗಳಿಗೆ ಬರುವುದಕ್ಕೆ ಇನ್ನೂ ವರ್ಷಗಳು ಹಿಡಿದವು. ಹಾಗಾಗಿ ಬಟ್ಟೆ ಕಪ್ಪು ಅಂತ ದುಃಖದ ಕಥೆ ಕಟ್ಟಬೇಡಿ. ತಿಳಿಯಾದ ಕಣ್ಣು ಕಂಡರೂ ಅಷ್ಟೇ, ನೀಲಿ ಕಣ್ಣು ಅಲ್ಲಿ ಬಹುತೇಕ ಬಿಳಿಯಾಗಿಬಿಡುತ್ತದೆ.

ದೊಡ್ಡಪ್ಪ ಹೇಳಿದ ಪುಸ್ತಕಕ್ಕೆ ಬರೋಣ. ಬೇಜಾರು ಮಾಡಿಕೊಳ್ಳಬೇಡಿ, ಪುಸ್ತಕ ಸ್ಟುಡಿಯೊದ್ದೇ ಇರುವ ಸಾಧ್ಯತೆ ಜಾಸ್ತಿ. ಕುರ್ಚಿ, ಕಂಬ, ಪರದೆ, ಹೂಕುಂಡ, ಪುಸ್ತಕ ಎಲ್ಲ ಸ್ಟುಡಿಯೊ ಸಾಮಾನು. ಕೆಲವು ಕಡೆ ಕೋಟನ್ನೂ ಕೊಡುತ್ತಿದ್ದರು. ಕೈ ಸುಮ್ನೆ ಜೋತುಬಿದ್ದರೆ ಚೆನ್ನಾಗಿ ಕಾಣಲ್ಲ, ಅಲುಗಾಡುತ್ತದೆ, ಅದಕ್ಕೇ ಹಿಡಿಯಲು ಏನಾದರೂ ಕೊಡುತ್ತಿದ್ದರು. ಅವರು ಮೇಷ್ಟ್ರಾಗಿರಬಹುದು, ಆದರೆ ಅದನ್ನು ಈ ಪುಸ್ತಕ ಸಾಬೀತು ಮಾಡುವುದಿಲ್ಲ. ಅವರದೇ ಅನ್ನಬಹುದಾದ ವಸ್ತು ಬೇರೆ ಇರುತ್ತವೆ: ಸವೆದ ಚಪ್ಪಲಿ, ಬೆರಳಿನ ಉಂಗುರ, ಜೇಬಿನ ಗಡಿಯಾರದ ಸರಪಳಿ, ಕೋಟಿನ ಮೇಲಿನ ಬಿಲ್ಲೆ. ಅವನ್ನು ಭೂತಗನ್ನಡಿಯಲ್ಲಿ ಹುಡುಕಿ. ಕಾಲಿನ ಹಿಂದೆ ಕಬ್ಬಿಣದ ಸ್ಟ್ಯಾಂಡಿನ ಬುಡ ಕಂಡರೆ ಹೆದರಬೇಡಿ. ಹೆಣ ನಿಲ್ಲಿಸಿ ತೆಗೆದ ಫೋಟೊ ಅಂತ ಒಂದು ಸುಳ್ಳು ಸುದ್ದಿ ತಿರುಗಾಡುತ್ತಿದೆ. ಆ ಸ್ಟ್ಯಾಂಡು ಬದುಕಿರುವವರ ತಲೆ ಅಲುಗದಂತೆ ಹಿಂದಿನಿಂದ ತಾಗಿ ನಿಲ್ಲುವುದಕ್ಕೆ. ಹೆಣದ ಭಾರ ಹೊರುವ ಶಕ್ತಿ ಅದಕ್ಕಿಲ್ಲ.

ಉಳಿದ ಹತ್ತು ಫೋಟೊಗಳಲ್ಲಿ ತಗಡಿನ ಮೇಲಿರುವುದು ಏನಾದರೂ ಇದ್ದರೆ ಒಂದು ಎಚ್ಚರಿಕೆ. ಅದು ಕಬ್ಬಿಣದ ತಗಡೇ ಎಂದು ತಿಳಿಯಲು ಆಯಸ್ಕಾಂತವನ್ನು ಹಿಂಭಾಗದ ಹತ್ತಿರ ತಂದರೆ ಸಾಕು. ತಗಡಿನ ಫೋಟೊದಲ್ಲಿ ಎಡ ಬಲ ಅದಲು ಬದಲಾಗಿರುತ್ತದೆ, ಕನ್ನಡಿಯ ಹಾಗೆ. ಅಮೆರಿಕದ ಬಿಲ್ಲಿ ದ ಕಿಡ್ ಎಂಬ ಬಂದೂಕುಕೋರ ಎಡಚ ಅಂತ ಜನ ದಶಕಗಟ್ಟಲೆ ನಂಬಿದ್ದು ಒಂದೇ ಒಂದು ತಗಡಿನ ಫೋಟೊ ನೋಡಿ. ಅವನ ಕೈಯಲ್ಲಿದ್ದ ವಿಂಚೆಸ್ಟರ್ ಬಂದೂಕಿಗೆ ಗುಂಡು ತುಂಬುವ ಕಿಂಡಿ ಬಲಗಡೆ ಮಾತ್ರ ಇರುತ್ತದೆ, ಫೋಟೊದಲ್ಲಿ ಎಡಗಡೆ ಇತ್ತು. ಚಿತ್ರ ತಿರುಗಿದೆ ಅಂತ ಗೊತ್ತಾಗಿದ್ದು ಹಾಗೆ. ಉಂಗುರ ಯಾವ ಕೈಯಲ್ಲಿದೆ, ಮಚ್ಚೆ ಯಾವ ಕೆನ್ನೆಯಲ್ಲಿದೆ ಅಂತ ಹೋಲಿಸುವ ಮುಂಚೆ ಇದನ್ನು ನೆನಪಿಡಿ.

4172. ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತಿದ್ದು ಇಲ್ಲೇ. ಸ್ಟುಡಿಯೊದವರು ನೆಗೆಟಿವ್‌ಗೆ ಸಂಖ್ಯೆ ಕೊಟ್ಟು ಇಟ್ಟುಕೊಳ್ಳುತ್ತಿದ್ದರು, ಮತ್ತೆ ಪ್ರತಿ ಕೇಳಿದರೆ ಬೇಗ ಸಿಗಲಿ ಅಂತ. ಆ ಸಂಖ್ಯೆಗೆ ಒಂದು ಪುಸ್ತಕ ಇರುತ್ತಿತ್ತು. ಅಂಥ ಪುಸ್ತಕ ಉಳಿದುಬಂದರೆ ಅದೃಷ್ಟವೋ ಅದೃಷ್ಟ. ಲಂಡನ್‌ನ ಕಮೀಲ್ ಸಿಲ್ವಿ ಸ್ಟುಡಿಯೊದ ದಿನವಹಿಗಳು ಅಲ್ಲಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯಲ್ಲಿವೆ, ಕೆನಡಾದ ಮಾಂಟ್ರಿಯಲ್‌ನ ನಾಟ್‌ಮನ್ ಸ್ಟುಡಿಯೊದ ದಾಖಲೆಗಳು ಅಲ್ಲಿನ ಮೆಕಾರ್ಡ್ ಸ್ಟೀವರ್ಟ್ ಮ್ಯೂಸಿಯಂನಲ್ಲಿ. ಸಂಖ್ಯೆ ಇದ್ದರೆ ಹೆಸರು ಸಿಗುತ್ತದೆ. ನಿಮ್ಮ ಸ್ಟುಡಿಯೊದ ಪುಸ್ತಕ ಉಳಿದಿಲ್ಲದಿದ್ದರೂ ದಾರಿ ಇದೆ. ಅದೇ ಸ್ಟುಡಿಯೊದ ಬೇರೆ ಫೋಟೊಗಳನ್ನು ಸಂಬಂಧಿಕರ ಹತ್ತಿರ, ಗ್ರಂಥಾಲಯಗಳ ಸಂಗ್ರಹದಲ್ಲಿ ಹುಡುಕಿ. ಒಂದರ ಹಿಂದೆ 3900 ಮತ್ತು 1907ರ ತಾರೀಖು, ಇನ್ನೊಂದರ ಹಿಂದೆ 4500 ಮತ್ತು 1909 ಇತ್ತು ಅಂದುಕೊಳ್ಳಿ. ನಿಮ್ಮದು ನಡುವಿನದು, ಅಲ್ವಾ?

ಅದಕ್ಕೆ ಸ್ಟುಡಿಯೊ ಹೆಸರು ಪೂರ್ತಿ ಬೇಕು. ಅಳಿಸಿದ ಅಕ್ಷರ ಓದಲು ಫೋಟೊವನ್ನು ಮೇಜಿನ ಮೇಲಿಟ್ಟು, ಕೋಣೆಯ ದೀಪ ಆರಿಸಿ, ಟಾರ್ಚನ್ನು ಪಕ್ಕದಿಂದ ಮೇಜಿಗೆ ಸಮನಾಗಿ ಹಿಡಿಯಿರಿ. ಒತ್ತಿದ ಅಕ್ಷರದ ನೆರಳು ಎದ್ದು ಕಾಣುತ್ತದೆ. ಮೊಬೈಲಿನಲ್ಲಿ ನಾಲ್ಕೂ ಕಡೆಯಿಂದ ಒಂದೊಂದು ಚಿತ್ರ ತೆಗೆಯಿರಿ. ಹೆಸರು, ವಿಳಾಸ ಸಿಕ್ಕರೆ ಆ ಕಾಲದ ವ್ಯಾಪಾರಿಗಳ ಪಟ್ಟಿ, ಪತ್ರಿಕೆಯ ಜಾಹೀರಾತು ನೋಡಿ. ಸ್ಟುಡಿಯೊಗಳು ಜಾಗ ಬದಲಿಸುತ್ತಿದ್ದವು, ಪಾಲುದಾರರು ಬದಲಾಗುತ್ತಿದ್ದರು, ಹೆಸರಿಗೆ "ಅಂಡ್ ಸನ್ಸ್" ಸೇರುತ್ತಿತ್ತು. ಒಂದು ನಿರ್ದಿಷ್ಟ ಹೆಸರು ಒಂದು ನಿರ್ದಿಷ್ಟ ವಿಳಾಸದಲ್ಲಿ ಇದ್ದದ್ದು ಕೆಲವೊಮ್ಮೆ ಮೂರು ನಾಲ್ಕು ವರ್ಷ ಮಾತ್ರ.

ಈಗ ನೀವು ಕೇಳದೇ ಇರುವ ಪ್ರಶ್ನೆ. ಪೆಟ್ಟಿಗೆ ಯಾರದು? ಅಜ್ಜಿಯದು. ದೊಡ್ಡಪ್ಪ, ಅತ್ತೆ ಇಬ್ಬರೂ ತಮ್ಮ ಅಪ್ಪನ ಕಡೆಯವರನ್ನೇ ಹೇಳುತ್ತಿದ್ದಾರೆ. ಆದರೆ ಒಬ್ಬ ಹೆಂಗಸು ಬದುಕಿಡೀ ತನ್ನ ಪೆಟ್ಟಿಗೆಯಲ್ಲಿ ಜೋಪಾನ ಮಾಡಿದ ಫೋಟೊ ಆಕೆಯ ತವರಿನದ್ದೂ ಇರಬಹುದು. ಅವರ ಅಪ್ಪನೋ ಚಿಕ್ಕಪ್ಪನೋ ಸೋದರಮಾವನೋ. ನನ್ನ ಅನುಭವದಲ್ಲಿ, ಹೆಸರಿಲ್ಲದ ಫೋಟೊಗಳ ವಿಷಯದಲ್ಲಿ ಎಲ್ಲರೂ ಮರೆಯುವ ಕಡೆ ಇದೇ. ಅಜ್ಜಿಯ ಒಡಹುಟ್ಟಿದವರ ಮಕ್ಕಳು, ಮೊಮ್ಮಕ್ಕಳು ಎಲ್ಲಿದ್ದಾರೆ ಅಂತ ವಿಚಾರಿಸಿ. ಅವರ ಮನೆಯಲ್ಲಿ ಇದೇ ಯುವಕನ ಫೋಟೊ ಹೆಸರಿನ ಸಮೇತ ಇದ್ದರೆ ನಿಮ್ಮ ಕೆಲಸ ಅಲ್ಲೇ ಮುಗಿಯಿತು.

ಹಿರಿಯರನ್ನು ಕೇಳುವಾಗ "ಇದು ಮುತ್ತಜ್ಜನೇ ಅಲ್ವಾ?" ಅಂತ ಕೇಳಬೇಡಿ. ಹೆಸರು ನಿಮ್ಮ ಬಾಯಿಂದ ಬಂದರೆ ಅವರ ನೆನಪು ಅದರ ಹಿಂದೆಯೇ ಹೋಗುತ್ತದೆ. ದೊಡ್ಡಪ್ಪನನ್ನು, ಅತ್ತೆಯನ್ನು ಬೇರೆ ಬೇರೆ ಕೂರಿಸಿಕೊಳ್ಳಿ. ಎಲ್ಲ ಫೋಟೊ ಮುಂದಿಟ್ಟು "ಇದರ ಬಗ್ಗೆ ಏನು ನೆನಪಿದೆ?" ಅಂತಷ್ಟೇ ಕೇಳಿ, ಸುಮ್ಮನಿರಿ. ಆಮೇಲೆ "ನಿಮಗೆ ಇದನ್ನು ಯಾರು ಹೇಳಿದ್ದು? ಯಾವಾಗ?" ಅಂತ ಕೇಳಿ. ಒಪ್ಪಿದರೆ ಧ್ವನಿ ರೆಕಾರ್ಡ್ ಮಾಡಿಕೊಳ್ಳಿ. ಅತ್ತೆ "ತಮ್ಮ" ಅಂದದ್ದು ತನ್ನ ಅಮ್ಮನ ಬಾಯಿಂದ ಕೇಳಿ ಇದ್ದರೆ ಅದಕ್ಕೆ ತೂಕ ಹೆಚ್ಚು. ಮುಖ ನೋಡಿ ಅಂದಾಜು ಮಾಡಿದ್ದರೆ ಕಡಿಮೆ.

ಹಾಗೇ 1884 ಎಲ್ಲಿಂದ ಬಂತು ಅನ್ನುವುದನ್ನೂ ವಿಚಾರಿಸಬೇಕು. ಆ ಕಾಗದ ಬರೆದದ್ದು ಯಾವಾಗ? ಹುಟ್ಟಿದ ಹೊತ್ತಿನಲ್ಲಿ ಬರೆದಿಟ್ಟದ್ದಾದರೆ ನಂಬಿ. 1924ರ ಯಾವುದೋ ಪತ್ರದಲ್ಲಿ "ವಯಸ್ಸು 40" ಅಂತ ಇದ್ದು, ಅದರಿಂದ ಯಾರೋ ಲೆಕ್ಕ ಹಾಕಿದ್ದಾದರೆ ಹುಷಾರು. ಹುಟ್ಟಿದ ತಾರೀಖು ಗೊತ್ತಿಲ್ಲದವರು ವಯಸ್ಸನ್ನು 30, 35, 40 ಅಂತ ಹತ್ತಿರದ ಸಂಖ್ಯೆಗೆ ತಂದು ಹೇಳುವುದು ಎಷ್ಟೋ ದೇಶಗಳ ಜನಗಣತಿಗಳಲ್ಲಿ ಕಂಡಿರುವ ವಿಷಯ. ಐದು ವರ್ಷ ಆಚೀಚೆ ಆಗಬಹುದು.

ಗುಂಪು ಫೋಟೊ ಇದ್ದರೆ ಅದರಲ್ಲಿ ಮಕ್ಕಳನ್ನು ಹುಡುಕಿ. ದೊಡ್ಡವರ ವಯಸ್ಸನ್ನು ಅಂದಾಜು ಮಾಡುವಾಗ ಹತ್ತು ವರ್ಷ ತಪ್ಪಬಹುದು, ಕೂಸಿನ ವಿಷಯದಲ್ಲಿ ಒಂದು ವರ್ಷವೂ ತಪ್ಪಲ್ಲ. ಮಡಿಲಲ್ಲಿರುವ ಕೂಸು ಯಾರು ಅಂತ ಗೊತ್ತಾಗಿ, ಅದು ಹುಟ್ಟಿದ ವರ್ಷ ದಾಖಲೆಯಲ್ಲಿದ್ದರೆ ಇಡೀ ಫೋಟೊಗೆ ತಾರೀಖು ಸಿಕ್ಕಿತು. ಪೋಸ್ಟ್‌ಕಾರ್ಡ್ ಮೇಲೆ ಅಚ್ಚಾದ ಫೋಟೊ ಇದ್ದರೆ ಹಿಂಭಾಗ ನೋಡಿ. ವಿಳಾಸದ ಪಕ್ಕದಲ್ಲೇ ಪತ್ರ ಬರೆಯಲು ಜಾಗ ಬಿಟ್ಟು ನಡುವೆ ಗೆರೆ ಎಳೆದಿದ್ದರೆ, ಅದಕ್ಕೆ ಬ್ರಿಟನ್ ಒಪ್ಪಿದ್ದು 1902ರಲ್ಲಿ, ಅಮೆರಿಕ 1907ರಲ್ಲಿ. ಅದಕ್ಕಿಂತ ಹಳೆಯದಲ್ಲ.

ಮುಖದ ಮೇಲಿನ ಚೀಟಿ ಈಗ ತೆಗೆಯಬಹುದು. ಹೋಲಿಸುವಾಗ ಕಿವಿಯಿಂದ ಶುರು ಮಾಡಿ. ಕಿವಿ ವಯಸ್ಸಾದ ಹಾಗೆ ಸ್ವಲ್ಪ ಉದ್ದವಾಗುತ್ತದೆ, ಆದರೆ ಒಳಗಿನ ಮಡಿಕೆ, ಹಾಲೆ ಕೆನ್ನೆಗೆ ಸೇರುವ ರೀತಿ ಬದಲಾಗುವುದು ಕಡಿಮೆ. ಮೊಬೈಲ್ ಆಪ್‌ಗಳು "ಇಷ್ಟು ಶೇಕಡಾ ಹೋಲಿಕೆ" ಅನ್ನುತ್ತವೆ. ಅಣ್ಣ ತಮ್ಮಂದಿರ ವಿಷಯದಲ್ಲಿ ಅದನ್ನು ನೆಚ್ಚಬೇಡಿ. ಎಐ ಬಳಸಿ ಮುಖ ಸ್ಪಷ್ಟ ಮಾಡುವುದಂತೂ ಪತ್ತೆ ಕೆಲಸಕ್ಕೆ ಬೇಡವೇ ಬೇಡ. ಮಸುಕಾದ ಕಡೆ ಅದು ಹೊಸ ಕಣ್ಣು, ಹೊಸ ತುಟಿ ಬರೆದುಬಿಡುತ್ತದೆ. ನೋಡಲು ಚೆನ್ನಾಗಿರುತ್ತದೆ, ಆದರೆ ಅದು ನಿಮ್ಮ ಮನೆಯವರ ಮುಖವಲ್ಲ. ಡಿಎನ್‌ಎ ಪರೀಕ್ಷೆ ಸಂಬಂಧ ಹೇಳುತ್ತದೆ, ಫೋಟೊದಲ್ಲಿರುವವರು ಯಾರು ಅಂತ ಹೇಳುವುದಿಲ್ಲ.

ಬದುಕಿನ ಬಗ್ಗೆ ಕೇಳಿದಿರಿ. ಫೋಟೊದಿಂದ ಸಿಗುವುದು ಒಂದು ಊರು ಮತ್ತು ಒಂದೆರಡು ವರ್ಷದ ಅಂದಾಜು. ಅಲ್ಲಿಂದ ದಾಖಲೆಗಳಿಗೆ ಹೋಗಬೇಕು: ಶಾಲೆಯ ದಾಖಲಾತಿ, ಕೆಲಸದ ಪಟ್ಟಿ, ಜಮೀನು ಮನೆ ಪತ್ರ, ಮದುವೆಯ ದಾಖಲೆ, ಹಡಗಿನ ಪ್ರಯಾಣಿಕರ ಪಟ್ಟಿ, ಹಳೇ ಪತ್ರಿಕೆ. ಮೇಷ್ಟ್ರಾಗಿದ್ದರು ಎಂಬುದನ್ನು ಇಲ್ಲಿ ಪರೀಕ್ಷಿಸಿ, ಪುಸ್ತಕದಲ್ಲಲ್ಲ. ವಂಶಾವಳಿ ಹುಡುಕುವವರಿಗಾಗಿ ಇರುವ ಫ್ಯಾಮಿಲಿಸರ್ಚ್ ಸಂಸ್ಥೆ ಜಗತ್ತಿನ ಬೇರೆ ಬೇರೆ ಕಡೆಯ ದಾಖಲೆಗಳ 24 ಲಕ್ಷ ಮೈಕ್ರೊಫಿಲ್ಮ್ ರೋಲುಗಳನ್ನು ಡಿಜಿಟಲ್ ಮಾಡುವ ಕೆಲಸವನ್ನು 2021ರಲ್ಲಿ ಮುಗಿಸಿತು, ಅದನ್ನು ಬಳಸುವುದಕ್ಕೆ ಹಣ ಕೊಡಬೇಕಿಲ್ಲ. ಆದರೆ ಹೆಸರು ಟೈಪ್ ಮಾಡಿದ ತಕ್ಷಣ ಎಲ್ಲವೂ ಬರುವುದಿಲ್ಲ, ಎಷ್ಟೋ ಪುಟಗಳನ್ನು ಒಂದೊಂದಾಗಿ ಮಗುಚಬೇಕು. ಎರಡು ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಮಂದಿಯ ಹೆಸರು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಪಟ್ಟಿಯಲ್ಲಿದೆ. ಕುಟುಂಬದಲ್ಲಿ "ಯುದ್ಧಕ್ಕೆ ಹೋದವರು ಬರಲೇ ಇಲ್ಲ" ಎಂಬ ಮಾತಿದ್ದರೆ ಅಲ್ಲಿ ನೋಡಿ. ಒಂದೇ ಹೆಸರನ್ನು ನಾಲ್ಕು ಗುಮಾಸ್ತರು ನಾಲ್ಕು ರೀತಿ ಬರೆದಿರುತ್ತಾರೆ, ಎಲ್ಲ ರೀತಿಯಲ್ಲೂ ಹುಡುಕಿ. ಅವರ ಹೆಸರೇ ಸಿಗದಿದ್ದರೆ ಅಣ್ಣ ತಮ್ಮಂದಿರನ್ನು, ನೆರೆಯವರನ್ನು, ಪತ್ರಕ್ಕೆ ಸಾಕ್ಷಿ ಹಾಕಿದವರನ್ನು ಹುಡುಕಿ. ಎಷ್ಟೋ ಸಲ ಬೇಕಾದವರು ಇನ್ನೊಬ್ಬರ ಕಾಗದದ ಕೊನೇ ಸಾಲಿನಲ್ಲಿ ಸಿಗುತ್ತಾರೆ.

ಫೋಟೊ ಕಾಪಾಡುವುದು: ರಟ್ಟಿನಿಂದ ಕೀಳಬೇಡಿ. ನೀರು, ಟೇಪು, ಬಾಲ್‌ಪೆನ್ ತಾಗಿಸಬೇಡಿ. ಗಾಜಿಗೆ ಅಂಟಿದ್ದರೆ ಎಳೆಯಬೇಡಿ, ಗಾಜಿನ ಸಮೇತ ಸ್ಕ್ಯಾನ್ ಮಾಡಿ. ವಾಸನೆ ಬರುವ ಪಿವಿಸಿ ಕವರ್, ಅಂಟು ಹಾಳೆಯ ಆಲ್ಬಮ್ ಎರಡೂ ಬೇಡ, ಪಾಲಿಯೆಸ್ಟರ್ ಕವರ್ ಅಥವಾ ಆಮ್ಲವಿಲ್ಲದ ಕಾಗದದ ಲಕೋಟೆ ಒಳ್ಳೆಯದು. 600 ಡಿಪಿಐನಲ್ಲಿ ಮುಂದೆ, ಹಿಂದೆ ಎರಡೂ ಕಡೆ ಸ್ಕ್ಯಾನ್ ಮಾಡಿ. ಹಿಂಭಾಗ ಬಿಟ್ಟರೆ 4172 ಹೋಯಿತು.

ಕೊನೆಗೆ ಲಕೋಟೆಯ ಮೇಲೆ, ಫೋಟೊ ಒಳಗಿಡುವ ಮುಂಚೆಯೇ, ಮೆತ್ತನೆ ಪೆನ್ಸಿಲಿನಲ್ಲಿ ಬರೆಯಿರಿ. ಹೆಸರು ಖಚಿತವಾಗದಿದ್ದರೂ ಬರೆಯಿರಿ, ಹೀಗೆ: "ಅಜ್ಜಿಯ ಪೆಟ್ಟಿಗೆಯಿಂದ. ನಿಂತಿರುವ ಯುವಕ, ಕೈಯಲ್ಲಿ ಪುಸ್ತಕ. ಹಿಂದೆ 4172. ದೊಡ್ಡಪ್ಪನ ಪ್ರಕಾರ ಮುತ್ತಜ್ಜ, ಅತ್ತೆಯ ಪ್ರಕಾರ ಮುತ್ತಜ್ಜನ ತಮ್ಮ. ಅಜ್ಜಿಯ ತವರಿನವರನ್ನು ಇನ್ನೂ ಕೇಳಿಲ್ಲ." ಕೆಳಗೆ ನಿಮ್ಮ ಹೆಸರು, ಇವತ್ತಿನ ತಾರೀಖು.